ಬಾಡಿಗೆ ಕಾರಿನ ಎಕ್ಸೆಸ್ ವಿಮೆ: ಬುಕಿಂಗ್‌ನಿಂದ ಕ್ಲೇಮ್‌ವರೆಗೆ

ಊರಿನಲ್ಲಿ ಸ್ವಂತ ಕಾರು ಇಟ್ಟವರಿಗೆ ಕಡ್ಡಾಯ ಡಿಡಕ್ಟಿಬಲ್ ಹೊಸದಲ್ಲ. 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2000. ಕ್ಲೇಮ್ ಮಾಡಿದಾಗಲೆಲ್ಲ ಅಷ್ಟು ನಮ್ಮ ಕೈಯಿಂದ ಹೋಗುತ್ತದೆ, ಉಳಿದದ್ದು ವಿಮಾ ಕಂಪನಿಯದು. ಯುರೋಪಿನಲ್ಲಿ ರಜೆಗೆಂದು ಬಾಡಿಗೆ ಕಾರು ಹಿಡಿದಾಗಲೂ ಲೆಕ್ಕ ಇದೇ, ಮೊತ್ತ ಮಾತ್ರ ಬೇರೆ. ಸಣ್ಣ ಕಾರಿಗೂ ಸಾಮಾನ್ಯವಾಗಿ 1000ದಿಂದ 2000 ಯೂರೊ, ದೊಡ್ಡ ಗಾಡಿಯಾದರೆ ಇನ್ನೂ ಮೇಲೆ. ಈ ಮೊತ್ತವೇ ಎಕ್ಸೆಸ್. ಪಾರ್ಕಿಂಗ್‌ನಲ್ಲಿ ಯಾರೋ ಬಾಗಿಲಿಗೆ ತಾಗಿಸಿ ಹೋದರೂ, ತಪ್ಪು ಯಾರದೇ ಇರಲಿ, ಮೊದಲು ಕತ್ತರಿ ಬೀಳುವುದು ನಿಮ್ಮ ಕಾರ್ಡಿಗೆ.

ಈ ಬರಹ ಮುಖ್ಯವಾಗಿ ಬ್ರಿಟನ್ನಿನಲ್ಲಿ ನೆಲೆಸಿ, ಮಕ್ಕಳ ಶಾಲಾ ರಜೆಗೆ ಸ್ಪೇನ್, ಪೋರ್ಚುಗಲ್, ಇಟಲಿ, ಗ್ರೀಸ್ ಕಡೆ ಹೊರಡುವ ಕನ್ನಡಿಗರಿಗೆ. ಭಾರತದಿಂದ ನೇರ ಹೋಗುವವರಿಗೆ ಒಂದು ಮುಖ್ಯ ವ್ಯತ್ಯಾಸವಿದೆ; ಅದನ್ನು ಕೊನೆಯ ಭಾಗದಲ್ಲಿ ಹೇಳಿದೆ.

ಬಾಡಿಗೆಯೊಳಗೆ ಏನಿದೆ, ಏನಿಲ್ಲ

ಯುರೋಪಿನ ಬಾಡಿಗೆ ದರದಲ್ಲಿ ಸಾಮಾನ್ಯವಾಗಿ ಮೂರು ರಕ್ಷಣೆ ಸೇರಿರುತ್ತವೆ: ಥರ್ಡ್ ಪಾರ್ಟಿ ವಿಮೆ, ಕಳ್ಳತನದ ರಕ್ಷಣೆ, ಮತ್ತು ಸಿಡಿಡಬ್ಲ್ಯು ಎಂದು ಬರೆಯುವ ಕೊಲಿಷನ್ ಡ್ಯಾಮೇಜ್ ವೇವರ್. ಸಿಡಿಡಬ್ಲ್ಯುವನ್ನು ಎಲ್ಲರೂ ವಿಮೆ ಎಂದೇ ಕರೆಯುತ್ತಾರೆ. ನಿಜಕ್ಕೆ ಅದು ಬಾಡಿಗೆ ಕಂಪನಿ ಕೊಡುವ ಒಂದು ಮಾತು: ‘ಕಾರಿಗೆ ಪೆಟ್ಟಾದರೆ ಇಷ್ಟು ಮೊತ್ತದಾಚೆ ನಿಮ್ಮನ್ನು ಕೇಳುವುದಿಲ್ಲ.’ ಆ ಮಾತಿಗೆ ಷರತ್ತುಗಳಿವೆ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ, ಅನುಮತಿಯಿಲ್ಲದೆ ಬೇರೆ ದೇಶಕ್ಕೋ ಹಡಗಿನಲ್ಲಿ ಬೇರೆ ದ್ವೀಪಕ್ಕೋ ಕಾರು ಒಯ್ದರೆ ಮಾತು ಮುರಿದುಬೀಳುತ್ತದೆ. ಆಗ ಎಕ್ಸೆಸ್ ಮಾತ್ರವಲ್ಲ, ಕಾರಿನ ಪೂರ್ತಿ ಬೆಲೆಗೇ ನೀವು ಹೊಣೆ. ಯಾವ ಎಕ್ಸೆಸ್ ಪಾಲಿಸಿಯೂ ಆಗ ಕೈ ಹಿಡಿಯುವುದಿಲ್ಲ, ಏಕೆಂದರೆ ಅದು ನಿಂತಿರುವುದೇ ಸಿಡಿಡಬ್ಲ್ಯು ಮೇಲೆ.

ಷರತ್ತು ಮುರಿಯದಿದ್ದರೂ ಸಿಡಿಡಬ್ಲ್ಯು ಮುಟ್ಟದ ಭಾಗಗಳಿವೆ: ಟೈರು, ಚಕ್ರ, ಗಾಜು, ಕನ್ನಡಿ, ಕಾರಿನ ತಳಭಾಗ, ಛಾವಣಿ, ಒಳಾಂಗಣ, ಕಳೆದುಹೋದ ಕೀಲಿ, ಪೆಟ್ರೋಲ್ ಬದಲು ಡೀಸೆಲ್ ಹಾಕಿದ ಖರ್ಚು, ಟೋಯಿಂಗ್. ರಜೆಯಲ್ಲಿ ನಿಜವಾಗಿ ಹಾಳಾಗುವುದು ಇವೇ. ಹಳೆ ಊರಿನ ಇಕ್ಕಟ್ಟು ಓಣಿಯಲ್ಲಿ ಕಲ್ಲಂಚಿಗೆ ಉಜ್ಜಿದ ಚಕ್ರ, ಲಾರಿ ಹಾರಿಸಿದ ಕಲ್ಲಿಗೆ ಚುಕ್ಕೆ ಬಿದ್ದ ಗಾಜು. ಹಾಗಾಗಿ ಒಳ್ಳೆಯ ಎಕ್ಸೆಸ್ ಪಾಲಿಸಿ ಎರಡು ಕೆಲಸ ಮಾಡಬೇಕು: ಎಕ್ಸೆಸ್ ಮೊತ್ತ ತುಂಬಿಕೊಡಬೇಕು, ಸಿಡಿಡಬ್ಲ್ಯು ಬಿಟ್ಟ ಈ ಭಾಗಗಳನ್ನೂ ಸೇರಿಸಿಕೊಳ್ಳಬೇಕು. ಮೊದಲನೆಯದನ್ನಷ್ಟೇ ಮಾಡುವ ಅಗ್ಗದ ಪಾಲಿಸಿಗೆ ದುಡ್ಡು ಹಾಕಬೇಡಿ.

ಮಾರುವವರು ಮೂರು ಬಗೆ

ಒಂದು, ಬಾಡಿಗೆ ಕಂಪನಿಯ ಕೌಂಟರ್. ಸೂಪರ್ ಕವರ್, ಜೀರೊ ಎಕ್ಸೆಸ್, ಪ್ರೀಮಿಯಂ ಪ್ರೊಟೆಕ್ಷನ್ ಎಂಬ ಹೆಸರುಗಳಲ್ಲಿ ದಿನಕ್ಕೆ 15ರಿಂದ 30 ಯೂರೊ ಕೇಳುವುದು ಸಾಮಾನ್ಯ. ಹತ್ತು ದಿನಕ್ಕೆ 250 ಯೂರೊ ಆಯಿತೆಂದರೆ ಎಷ್ಟೋ ಸಲ ಬಾಡಿಗೆಗಿಂತ ಇದೇ ಹೆಚ್ಚು. ಅನುಕೂಲವೂ ಇದೆ: ಪೆಟ್ಟಾದರೆ ಕಾರ್ಡಿನಿಂದ ಏನೂ ಹೋಗುವುದಿಲ್ಲ, ಕಾರು ಕೊಡುವಾಗ ಕಾರ್ಡಿನಲ್ಲಿ ತಡೆಹಿಡಿಯುವ ಡಿಪಾಸಿಟ್ಟೂ ಕಡಿಮೆ. ‘ಜೀರೊ’ ಎಂದು ಬರೆದ ಕಡೆಯೂ ಟೈರು, ಗಾಜು ಹೊರಗಿರಬಹುದು, ಓದಿ ನೋಡಬೇಕು.

ಎರಡು, ಬುಕಿಂಗ್ ವೆಬ್‌ಸೈಟ್ ಅಥವಾ ಬ್ರೋಕರ್. ಬುಕಿಂಗ್ ಮುಗಿಯುವ ಪುಟದಲ್ಲಿ ‘ಫುಲ್ ಪ್ರೊಟೆಕ್ಷನ್’ ಎಂಬ ಚೌಕ ಕಾಣುತ್ತದಲ್ಲ, ಅದು. ಎಲ್ಲಕ್ಕಿಂತ ಹೆಚ್ಚು ಗೊಂದಲ ಇಲ್ಲೇ. ಇದನ್ನು ಕೊಂಡವರು ಕೌಂಟರ್‌ಗೆ ಹೋಗಿ ‘ನನ್ನದು ಫುಲ್ ಕವರ್ ಆಗಿದೆ’ ಎನ್ನುತ್ತಾರೆ. ಅಲ್ಲಿಯವರು ‘ನಮಗೆ ಅದು ಗೊತ್ತಿಲ್ಲ’ ಎನ್ನುತ್ತಾರೆ. ಇಬ್ಬರೂ ಸರಿ. ಬ್ರೋಕರ್ ಮಾರಿದ್ದು ಹಣ ಮರಳಿಸುವ ಪಾಲಿಸಿ. ಬಾಡಿಗೆ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ.

ಮೂರು, ಎಕ್ಸೆಸ್ ವಿಮೆಯನ್ನೇ ಪ್ರತ್ಯೇಕವಾಗಿ ಮಾರುವ ಸ್ವತಂತ್ರ ಕಂಪನಿಗಳು. ದಿನಕ್ಕೆ ಕೆಲವು ಪೌಂಡ್, ಅಥವಾ ಯುರೋಪಿಗೆ ಇಡೀ ವರ್ಷಕ್ಕೆ ಸುಮಾರು 40ರಿಂದ 60 ಪೌಂಡ್. ವರ್ಷಕ್ಕೆ ಎರಡು ಸಲ ಕಾರು ಹಿಡಿಯುವ ಮನೆಯವರು ವಾರ್ಷಿಕ ಪಾಲಿಸಿ ಬಿಟ್ಟು ಬೇರೆ ಯೋಚಿಸಬೇಕಿಲ್ಲ. ಇಲ್ಲಿಯೂ ಕ್ರಮ ಅದೇ: ಮೊದಲು ನೀವು ಕಟ್ಟಬೇಕು, ಆಮೇಲೆ ಕಾಗದಪತ್ರ ಕೊಟ್ಟು ವಾಪಸ್ ಪಡೆಯಬೇಕು.

ಕೌಂಟರ್‌ನದು ಎಂದೂ ಬೇಡ ಎಂದು ಹೇಳುತ್ತಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಡಿಪಾಸಿಟ್ಟಿಗೆ ಸಾಕಾಗುವಷ್ಟು ಮಿತಿ ಇಲ್ಲದವರಿಗೆ, 1500 ಯೂರೊ ಕೆಲವು ವಾರ ಕೈ ಬಿಟ್ಟಿರಲು ಆಗದವರಿಗೆ, ಒಂದೇ ದಿನಕ್ಕೆ ಕಾರು ಬೇಕಾದವರಿಗೆ ಅದೇ ಸರಿ.

ಪಾಲಿಸಿ ಕೊಳ್ಳುವಾಗ ನೋಡಬೇಕಾದ ಸಾಲುಗಳು

ಬೆಲೆ ಹೋಲಿಸುವ ಸೈಟಿನ ಮೊದಲ ಸಾಲು ನೋಡಿ ಕೊಳ್ಳಬೇಡಿ. ಪಾಲಿಸಿಯ ಪಿಡಿಎಫ್ ತೆರೆದು ಇವನ್ನು ಹುಡುಕಿ:

- ವಾಸದ ದೇಶ. ಬ್ರಿಟನ್ನಿನ ಪಾಲಿಸಿ ಬಹುಪಾಲು ಬ್ರಿಟನ್ ನಿವಾಸಿಗಳಿಗೆ ಮಾತ್ರ. ಊರಿನಿಂದ ಬಂದ ಅಪ್ಪ, ಭಾವ ಮುಖ್ಯ ಚಾಲಕರಾದರೆ ಇದು ನಡೆಯದು.
- ಹೆಸರು. ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರೇ ಬಾಡಿಗೆ ಕರಾರಿನ ಮುಖ್ಯ ಚಾಲಕರಾಗಿರಬೇಕು. ಗಂಡನ ಹೆಸರಲ್ಲಿ ಪಾಲಿಸಿ, ಹೆಂಡತಿಯ ಹೆಸರಲ್ಲಿ ಬುಕಿಂಗ್: ಕ್ಲೇಮ್ ತಿರಸ್ಕಾರಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ.
- ವಯಸ್ಸು. ಕೆಳಮಿತಿ ಸಾಮಾನ್ಯವಾಗಿ 21, ಕೆಲವೆಡೆ 25, ಮೇಲ್ಮಿತಿಯೂ ಇರುತ್ತದೆ.
- ಒಂದು ಬಾಡಿಗೆಯ ಗರಿಷ್ಠ ದಿನ. ವಾರ್ಷಿಕ ಪಾಲಿಸಿ ಎಂದರೆ 365 ದಿನ ಓಡಿಸಬಹುದು ಎಂದಲ್ಲ. ಒಂದು ಬಾಡಿಗೆಗೆ 31 ದಿನದಂತಹ ಮಿತಿ ಇರುತ್ತದೆ; ದಾಟಿದರೆ ಮೊದಲ ದಿನದ ರಕ್ಷಣೆಯೂ ಹೋಗಬಹುದು.
- ಕ್ಲೇಮಿನ ಮಿತಿ ನಿಮ್ಮ ಎಕ್ಸೆಸ್‌ಗಿಂತ ಹೆಚ್ಚಿದೆಯೇ, ಗಾಜು, ಟೈರು, ತಳ, ಛಾವಣಿ ಸೇರಿವೆಯೇ, ಕೀಲಿಗೆ ಎಷ್ಟು.
- ಆಡಳಿತ ಶುಲ್ಕ ಮತ್ತು ‘ಲಾಸ್ ಆಫ್ ಯೂಸ್’. ರಿಪೇರಿ ಬಿಲ್ಲಿನ ಮೇಲೆ ಬಾಡಿಗೆ ಕಂಪನಿ ಕಾಗದದ ಕೆಲಸಕ್ಕೆಂದು, ಕಾರು ನಿಂತ ದಿನಗಳಿಗೆಂದು ಬೇರೆ ಹಣ ಹಾಕುತ್ತದೆ. ಇವನ್ನು ಕೊಡುವ ಪಾಲಿಸಿಯೂ ಇದೆ, ಕೊಡದ್ದೂ ಇದೆ.
- ಹೊರಗಿಟ್ಟ ವಾಹನ. ವ್ಯಾನ್, ಮೋಟರ್‌ಹೋಮ್, ಒಂಬತ್ತಕ್ಕಿಂತ ಹೆಚ್ಚು ಸೀಟಿನ ಗಾಡಿ, ಬಹಳ ದುಬಾರಿ ಕಾರು, ಖಾಸಗಿ ಮಾಲೀಕರಿಂದ ಆ್ಯಪ್ ಮೂಲಕ ಪಡೆದ ಕಾರು.

ಇನ್ನೊಂದು ಮಾತು: ಕಾರಿನ ಕೀಲಿ ಕೈಗೆ ಬರುವ ಮೊದಲೇ ಪಾಲಿಸಿ ಜಾರಿಯಲ್ಲಿರಬೇಕು. ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಕೊಂಡರೂ ನಡೆಯುತ್ತದೆ, ಕಾರು ಹೊರತೆಗೆದ ಮೇಲೆ ನಡೆಯುವುದಿಲ್ಲ.

ಬುಕಿಂಗ್ ಮಾಡುವಾಗ

2017ರ ಜನವರಿಯಲ್ಲಿ ಏವಿಸ್, ಯುರೋಪ್‌ಕಾರ್, ಎಂಟರ್‌ಪ್ರೈಸ್, ಹರ್ಟ್ಸ್, ಸಿಕ್ಸ್ಟ್ ಎಂಬ ಐದು ದೊಡ್ಡ ಕಂಪನಿಗಳು ಯುರೋಪಿಯನ್ ಆಯೋಗಕ್ಕೆ ಒಂದು ಬದ್ಧತೆ ಕೊಟ್ಟವು: ಒಟ್ಟು ಬೆಲೆ, ವಿಮೆಯ ವಿವರ, ಇಂಧನದ ನಿಯಮ ಎಲ್ಲವನ್ನೂ ಬುಕಿಂಗ್‌ಗೆ ಮೊದಲೇ ಸ್ಪಷ್ಟವಾಗಿ ತೋರಿಸುತ್ತೇವೆಂದು. ಹಾಗಾಗಿ ಎಕ್ಸೆಸ್ ಎಷ್ಟು, ಡಿಪಾಸಿಟ್ ಎಷ್ಟು ಎಂಬುದು ಷರತ್ತುಗಳ ಪುಟದಲ್ಲಿ ಸಿಗುತ್ತದೆ. ಬ್ರೋಕರ್ ಮೂಲಕ ಹೋದರೆ ‘ರೆಂಟಲ್ ಕಂಡಿಷನ್ಸ್’ ಎಂಬ ಸಣ್ಣ ಲಿಂಕ್ ಒತ್ತಬೇಕು. ಅಲ್ಲಿ ನೋಡಬೇಕಾದ ಅಂಕಿ ಎರಡು: ಹಾನಿಯ ಎಕ್ಸೆಸ್ ಮತ್ತು ಕಳ್ಳತನದ ಎಕ್ಸೆಸ್. ಎರಡೂ ಒಂದೇ ಇರಬೇಕೆಂದಿಲ್ಲ. ತೀರಾ ಅಗ್ಗದ ಬಾಡಿಗೆಯ ಹಿಂದೆ ತೀರಾ ದೊಡ್ಡ ಎಕ್ಸೆಸ್ ಇರುವುದು ಈ ವ್ಯಾಪಾರದ ಹಳೆಯ ಚಾಳಿ.

ಡಿಪಾಸಿಟ್‌ಗೆ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡ್ ಒಪ್ಪದ ಕಡೆಗಳು ಇನ್ನೂ ಬೇಕಾದಷ್ಟಿವೆ. ಒಪ್ಪಿದರೂ ತಮ್ಮ ಕವರ್ ಕೊಳ್ಳಲೇಬೇಕು ಎನ್ನುವುದುಂಟು. ಎಕ್ಸೆಸ್‌ನಷ್ಟೇ ಮೊತ್ತವನ್ನು ತಡೆಹಿಡಿಯುತ್ತಾರೆ, ಜೊತೆಗೆ ಇಂಧನಕ್ಕೆಂದು ಇನ್ನಷ್ಟು. ಹೊರಡುವ ವಾರ ಕಾರ್ಡಿನ ಮಿತಿ ನೋಡಿಕೊಳ್ಳಿ. ಬ್ರಿಟಿಷ್ ಲೈಸೆನ್ಸ್ ಇದ್ದವರು ಡಿವಿಎಲ್‌ಎ (ಅಲ್ಲಿನ ಲೈಸೆನ್ಸ್ ಇಲಾಖೆ) ಸೈಟಿನಿಂದ ಚೆಕ್ ಕೋಡ್ (ನಿಮ್ಮ ಲೈಸೆನ್ಸ್ ದಾಖಲೆಯನ್ನು ಬೇರೆಯವರು ನೋಡಲು ಕೊಡುವ ಸಂಕೇತ) ತೆಗೆದಿಟ್ಟುಕೊಳ್ಳುವುದು ಲೇಸು, ಕೆಲವು ಕೌಂಟರ್‌ಗಳಲ್ಲಿ ಕೇಳುತ್ತಾರೆ. ಅದು 21 ದಿನ ಮಾತ್ರ ನಡೆಯುತ್ತದೆ, ಬುಕಿಂಗ್ ದಿನವೇ ತೆಗೆದಿಟ್ಟರೆ ಪ್ರಯೋಜನವಿಲ್ಲ.

ಕೌಂಟರ್‌ನಲ್ಲಿ

ಕೌಂಟರ್‌ನ ಹಲವು ಸಿಬ್ಬಂದಿಗೆ ಕವರ್ ಮಾರಿದರೆ ಕಮಿಷನ್ ಇರುತ್ತದೆ. ‘ನಿಮ್ಮ ಪಾಲಿಸಿ ಈ ದೇಶದಲ್ಲಿ ನಡೆಯುವುದಿಲ್ಲ’, ‘ಗೀರು ಬಿದ್ದರೆ 2000 ಯೂರೊ ಹೋಗುತ್ತದೆ’ ಎಂಬ ಮಾತುಗಳು ಬರುತ್ತವೆ. ವಾದಕ್ಕಿಳಿಯಬೇಡಿ, ಪಾಲಿಸಿ ತೋರಿಸಿ ಒಪ್ಪಿಸಲೂ ಹೋಗಬೇಡಿ. ‘ಎಕ್ಸೆಸ್ ಮೊತ್ತ ಬ್ಲಾಕ್ ಮಾಡಿ, ನಿಮ್ಮ ಕವರ್ ಬೇಡ’ ಎಂದರೆ ಮುಗಿಯಿತು.

ಸಹಿ ಹಾಕುವುದು ಈಗ ಟ್ಯಾಬ್ಲೆಟ್ ಮೇಲೆ. ಪರದೆ ಸರಿಸುತ್ತ ‘ಇಲ್ಲಿ, ಇಲ್ಲಿ, ಇಲ್ಲಿ’ ಎನ್ನುತ್ತಾರೆ. ನಿಲ್ಲಿಸಿ, ಒಟ್ಟು ಮೊತ್ತ ನೋಡಿ. ಬುಕಿಂಗ್ ವೋಚರ್‌ಗಿಂತ ಹೆಚ್ಚಿದ್ದರೆ ಯಾವ ಸಾಲು ಸೇರಿದೆ ಎಂದು ಕೇಳಿ. ಸಹಿ ಬಿದ್ದ ಕವರ್‌ನ ಹಣ ಆಮೇಲೆ ವಾಪಸ್ ತರಿಸುವುದು ಬಹಳ ಕಷ್ಟ, ‘ನೀವೇ ಒಪ್ಪಿದ್ದೀರಿ’ ಎಂಬ ಒಂದೇ ಉತ್ತರ. ಇಟಲಿಯ ಕರಾರಿನಲ್ಲಿ ಎಕ್ಸೆಸ್ ‘ಫ್ರಾಂಕೀಜಾ’ ಎಂದೂ ಸ್ಪೇನಿನಲ್ಲಿ ‘ಫ್ರಾಂಕೀಸಿಯಾ’ ಎಂದೂ ಇರುತ್ತದೆ, ಆ ಸಾಲಿನ ಅಂಕಿ ಬುಕಿಂಗ್‌ನದಕ್ಕೆ ಹೊಂದಬೇಕು. ಎರಡನೆಯವರೂ ಓಡಿಸುವುದಾದರೆ ಹೆಚ್ಚುವರಿ ಚಾಲಕರ ಶುಲ್ಕ ಕೊಟ್ಟು ಹೆಸರು ಸೇರಿಸಿ. ಇಲ್ಲಿ ಉಳಿತಾಯ ಮಾಡಬೇಡಿ. ಕಾರ್ಡ್ ಯಂತ್ರ ಪೌಂಡಿನಲ್ಲೋ ಯೂರೊದಲ್ಲೋ ಎಂದು ಕೇಳಿದರೆ ಯೂರೊ ಒತ್ತಿ.

ಕಾರಿನ ಸುತ್ತ

ಇಡೀ ಪ್ರಕ್ರಿಯೆಯಲ್ಲಿ ಹಣ ಉಳಿಸುವ ಹೊತ್ತು ಇದೇ. ಪ್ರಯಾಣದ ಆಯಾಸ, ಅಳುವ ಮಗು, ಲಗೇಜು ಎಲ್ಲ ಇದ್ದರೂ ಹತ್ತು ನಿಮಿಷ ಕೊಡಿ.

ಬಾಡಿಗೆ ಕಾರು ಸಾಮಾನ್ಯವಾಗಿ ನೆಲಮಾಳಿಗೆಯ ಮಬ್ಬು ಬೆಳಕಿನಲ್ಲಿ, ತೊಳೆದ ನೀರು ಆರುವ ಮುನ್ನ ನಿಂತಿರುತ್ತದೆ. ಒದ್ದೆ ಬಣ್ಣದ ಮೇಲೆ ಗೀರು ಕಾಣುವುದಿಲ್ಲ. ಒಂದು ಬಟ್ಟೆಯಿಂದ ಬಾಗಿಲು, ಬಂಪರ್ ಒರೆಸಿ. ಆಗುವುದಾದರೆ ಗೇಟು ದಾಟುವ ಮೊದಲು ಬೆಳಕಿನ ಜಾಗಕ್ಕೆ ತಂದು ನಿಲ್ಲಿಸಿ. ಮೊದಲು ನಂಬರ್ ಪ್ಲೇಟಿನಿಂದ ಶುರುಮಾಡಿ ಕಡಿಯದೆ ಒಂದು ವಿಡಿಯೊ, ಕಾರನ್ನು ಪೂರ್ತಿ ಸುತ್ತಿ. ಆಮೇಲೆ ಬಿಡಿ ಫೋಟೊ: ನಾಲ್ಕು ಚಕ್ರ ಒಂದೊಂದಾಗಿ (ಅಲಾಯ್‌ನ ಹೊರ ಅಂಚು ಪೂರ್ತಿ ಬರುವಂತೆ); ಬಗ್ಗಿ, ಮುಂದಿನ ಬಂಪರ್‌ನ ಕೆಳತುಟಿ; ಗಾಜನ್ನು ಓರೆಯಾಗಿ ನಿಂತು (ಬೆಳಕು ಜಾರುವಾಗ ಚುಕ್ಕೆ ಕಾಣುತ್ತದೆ); ಛಾವಣಿ (ಮೊಬೈಲನ್ನು ಕೈ ಎತ್ತಿ ಹಿಡಿದು); ಬೂಟ್‌ನ ಹೊಸ್ತಿಲು (ಪೆಟ್ಟಿಗೆ ಎಳೆದ ಗೀರು ಇರುವುದು ಅಲ್ಲೇ); ಸೀಟು; ಇಂಧನದ ಮುಳ್ಳು ಮತ್ತು ಕಿಲೊಮೀಟರ್ ಒಂದೇ ಚಿತ್ರದಲ್ಲಿ. ಸ್ಪೇರ್ ಟೈರ್ ಅಥವಾ ಪಂಕ್ಚರ್ ಕಿಟ್ ಇದೆಯೇ ನೋಡಿ.

ಈಗ ಕೌಂಟರ್‌ನಲ್ಲಿ ಕೊಟ್ಟ, ಹಳೆಯ ಹಾನಿ ಗುರುತಿಸಿದ ಹಾಳೆಯಲ್ಲಿನ ಕಾರಿನ ಚಿತ್ರದ ಜೊತೆ ಹೋಲಿಸಿ. ಅಲ್ಲಿಲ್ಲದ ಗೀರು ಕಂಡರೆ ಸಿಬ್ಬಂದಿಯನ್ನು ಕರೆದು ಬರೆಸಿ, ಸಹಿ ಹಾಕಿಸಿ. ‘ಇಷ್ಟು ಸಣ್ಣದಕ್ಕೆ ಏನೂ ಮಾಡುವುದಿಲ್ಲ’ ಎಂಬ ಬಾಯಿಮಾತು ಬೇಡ. ಯಾರೂ ಸಿಗದಿದ್ದರೆ ನಿಲ್ದಾಣ ಬಿಡುವ ಮೊದಲೇ ಫೋಟೊಗಳನ್ನು ಕಂಪನಿಯ ಇಮೇಲ್‌ಗೆ ಕಳಿಸಿ, ಸಮಯ ತಾನಾಗಿ ದಾಖಲಾಗುತ್ತದೆ.

ಪೆಟ್ಟಾದಾಗ

ಯಾರಿಗಾದರೂ ಗಾಯವಾಗಿದ್ದರೆ ಮೊದಲು 112. ಗಾಯ, ಕಳ್ಳತನ, ಗುದ್ದಿ ಓಡಿಹೋದ ಕಾರು: ಈ ಮೂರರಲ್ಲಿ ಪೊಲೀಸ್ ವರದಿ ಬೇಕೇ ಬೇಕು. ಇನ್ನೊಂದು ಕಾರು ಒಳಗೊಂಡಿದ್ದರೆ ಗ್ಲೋವ್ ಬಾಕ್ಸ್‌ನಲ್ಲಿ ಯುರೋಪಿಯನ್ ಅಪಘಾತ ಹೇಳಿಕೆಯ ಫಾರಂ ಇರುತ್ತದೆ. ಯಾವ ಭಾಷೆಯಲ್ಲಿದ್ದರೂ ಅಂಕಣಗಳ ಕ್ರಮ ಒಂದೇ. ಇಬ್ಬರೂ ತುಂಬಿ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ. ಅರ್ಥವಾಗದ ಟಿಪ್ಪಣಿಗೆ ಸಹಿ ಬೇಡ. ಬಾಡಿಗೆ ಕಂಪನಿಗೆ ಅದೇ ದಿನ ತಿಳಿಸಿ, ಹಲವು ಕರಾರುಗಳಲ್ಲಿ 24 ಗಂಟೆಯ ಗಡುವಿರುತ್ತದೆ. ಅವರನ್ನು ಕೇಳದೆ ಬೀದಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಬೇಡಿ. ಪಂಕ್ಚರ್ ಆದರೂ ಮೊದಲು ಫೋನು, ಆಮೇಲೆ ರಸೀದಿ.

ಹಿಂದಿರುಗಿಸುವಾಗ

ಕಚೇರಿ ತೆರೆದಿರುವ ಹೊತ್ತಿಗೆ ಹೋಗಿ. ಬೆಳಗಿನ ಜಾವದ ವಿಮಾನಕ್ಕೆಂದು ಕೀಲಿಯನ್ನು ಡಬ್ಬಿಗೆ ಹಾಕಿ ಹೋದರೆ, ಸಿಬ್ಬಂದಿ ಬಂದು ನೋಡುವವರೆಗೂ ಕಾರು ನಿಮ್ಮ ಹೊಣೆಯಲ್ಲೇ ಇರುತ್ತದೆ ಎಂದು ಕರಾರುಗಳು ಹೇಳುತ್ತವೆ. ಬೇರೆ ದಾರಿಯಿಲ್ಲದಿದ್ದರೆ ಪಾರ್ಕಿಂಗ್ ಕಂಬದ ಸಂಖ್ಯೆ ಕಾಣುವಂತೆ ಅದೇ ವಿಡಿಯೊ ಮತ್ತೆ ತೆಗೆಯಿರಿ. ಸಿಬ್ಬಂದಿ ಇದ್ದರೆ ‘ಹೊಸ ಹಾನಿ ಇಲ್ಲ’ ಎಂಬ ಮುಕ್ತಾಯ ಹಾಳೆ ಕೇಳಿ ಪಡೆಯಿರಿ. ತಡೆಹಿಡಿದ ಡಿಪಾಸಿಟ್ ಬಿಡುಗಡೆಯಾಗಲು ಬ್ಯಾಂಕನ್ನು ಅವಲಂಬಿಸಿ ಕೆಲವು ದಿನದಿಂದ ಎರಡು-ಮೂರು ವಾರ ಹಿಡಿಯಬಹುದು.

ಟ್ರಾಫಿಕ್ ದಂಡ ಬೇರೆಯೇ ವಿಷಯ, ಎಕ್ಸೆಸ್ ಪಾಲಿಸಿಗೆ ಅದು ಸೇರದು. ರೋಮ್, ಫ್ಲಾರೆನ್ಸ್, ಪೀಸಾದಂತಹ ಊರುಗಳ ಹಳೆ ಭಾಗದಲ್ಲಿ ಅನುಮತಿಯಿಲ್ಲದ ವಾಹನ ಒಳಹೋಗಬಾರದ ‘ಝಡ್‌ಟಿಎಲ್’ ನಿರ್ಬಂಧಿತ ವಲಯ ಇದೆ. ಅಲ್ಲಿನ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ಬಾಡಿಗೆ ಕಂಪನಿ ಪೊಲೀಸರಿಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಶುಲ್ಕ ಕತ್ತರಿಸುತ್ತದೆ, ನಿಜವಾದ ದಂಡದ ಪತ್ರ ಪ್ರತ್ಯೇಕವಾಗಿ ಬರುತ್ತದೆ. ವಿದೇಶದಲ್ಲಿರುವವರಿಗೆ ಅದನ್ನು ಕಳಿಸಲು ಇಟಲಿಯ ಕಾನೂನಿನಲ್ಲಿ 360 ದಿನದ ಅವಕಾಶವಿದೆ.

ಕ್ಲೇಮ್

ಒಂದು ಉದಾಹರಣೆ. ಎಕ್ಸೆಸ್ 1500 ಯೂರೊ. ಬಂಪರ್ ರಿಪೇರಿ 420, ಆಡಳಿತ ಶುಲ್ಕ 60, ಎರಡು ದಿನದ ಲಾಸ್ ಆಫ್ ಯೂಸ್ 90. ಒಟ್ಟು 570, ಎಕ್ಸೆಸ್‌ಗಿಂತ ಕಡಿಮೆ, ಆದ್ದರಿಂದ ಪೂರ್ತಿ ನಿಮ್ಮದೇ. ಪಾಲಿಸಿ ಮೂರೂ ಬಗೆ ಒಪ್ಪಿದರೆ 570 ವಾಪಸ್, ಹಾನಿ ಮಾತ್ರ ಒಪ್ಪಿದರೆ 420. ಕೆಲವು ಕಂಪನಿಗಳು ಮೊದಲು 1500ನ್ನೂ ಕತ್ತರಿಸಿ, ಬಿಲ್ ಬಂದ ಮೇಲೆ ಉಳಿದದ್ದು ಮರಳಿಸುತ್ತವೆ. ಕ್ಲೇಮ್ ಮಾಡಬೇಕಾದ್ದು ಅಂತಿಮವಾಗಿ ಹೋದ ಮೊತ್ತಕ್ಕೆ.

ವಿಮಾ ಕಂಪನಿ ಕೇಳುವ ಕಾಗದಗಳು: ಬಾಡಿಗೆ ಕರಾರು, ಹಾನಿ ವರದಿ, ರಿಪೇರಿಯ ವಿವರವಾದ ಬಿಲ್, ಹಣ ಹೋದುದಕ್ಕೆ ಕಾರ್ಡ್ ಸ್ಟೇಟ್‌ಮೆಂಟ್, ಲೈಸೆನ್ಸ್ ಪ್ರತಿ, ಫೋಟೊ, ಬೇಕಾದಲ್ಲಿ ಪೊಲೀಸ್ ವರದಿ. ತಡವಾಗುವುದು ಬಹುತೇಕ ಮೂರನೆಯದರಲ್ಲಿ. ಬಾಡಿಗೆ ಕಂಪನಿಗಳು ‘ಹಾನಿ: 420’ ಎಂಬ ಒಂದೇ ಸಾಲು ಕೊಡುತ್ತವೆ, ವಿಮಾ ಕಂಪನಿ ಯಾವ ಭಾಗ, ಎಷ್ಟು ಕೂಲಿ ಎಂದು ಕೇಳುತ್ತದೆ. ಹಾಗಾಗಿ ಹಣ ಕತ್ತರಿಸಿದ ದಿನವೇ ವಿವರವಾದ ಬಿಲ್ ಮತ್ತು ಹಾನಿಯ ಫೋಟೊ ಕೊಡಿ ಎಂದು ಇಮೇಲ್ ಹಾಕಿ. ವಿಮಾ ಕಂಪನಿಗೆ ತಿಳಿಸುವ ಗಡುವು ಹಲವು ಪಾಲಿಸಿಗಳಲ್ಲಿ ಸುಮಾರು ಒಂದು ತಿಂಗಳು. ಬಿಲ್ ಬರದಿದ್ದರೂ ಕ್ಲೇಮ್ ತೆರೆದಿಟ್ಟು ‘ಕಾಗದ ಬರಬೇಕಿದೆ’ ಎಂದು ಬರೆಯಿರಿ.

ನೀವು ಮಾಡದ ಹಾನಿಗೆ ಹಣ ಹೋಗಿದ್ದರೆ ಮೊದಲು ಬಾಡಿಗೆ ಕಂಪನಿಗೆ ಲಿಖಿತ ದೂರು, ಜೊತೆಗೆ ಆ ವಿಡಿಯೊ. ಬಗ್ಗದಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕಿನ ಮೂಲಕ ಮರಳಿ ಪಡೆಯುವ ಕ್ರಮ) ಕೇಳಬಹುದು. ಯುರೋಪಿನೊಳಗೆ ಗಡಿಯಾಚೆಯ ಬಾಡಿಗೆ ಜಗಳಗಳಿಗೆ ಯುರೋಪಿಯನ್ ಕಾರ್ ರೆಂಟಲ್ ಕನ್ಸಿಲಿಯೇಷನ್ ಸರ್ವಿಸ್ ಇದೆ, ಕಂಪನಿ ಅದರ ಸದಸ್ಯನಾಗಿರಬೇಕು. ವಿಮಾ ಕಂಪನಿಯೇ ಕ್ಲೇಮ್ ತಳ್ಳಿಹಾಕಿದರೆ ದಾರಿ ಬೇರೆ: ದೂರು ಕೊಟ್ಟ ಮೇಲೆ ಅಂತಿಮ ಉತ್ತರಕ್ಕೆ ಅವರಿಗೆ ಎಂಟು ವಾರ, ಆ ಉತ್ತರ ಬಂದ ಆರು ತಿಂಗಳೊಳಗೆ ಬ್ರಿಟನ್ನಿನಲ್ಲಿ ಹಣಕಾಸು ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್‌ಗೆ ಒಯ್ಯಬಹುದು. ಗ್ರಾಹಕರಿಗೆ ಖರ್ಚಿಲ್ಲ.

ಲೆಕ್ಕ ಬದಲಾಗುವ ಜಾಗಗಳು

ಐಸ್‌ಲ್ಯಾಂಡ್‌ನಲ್ಲಿ ಜಲ್ಲಿಕಲ್ಲು, ಮರಳು-ಬೂದಿಯ ಗಾಳಿಗೆ ಪ್ರತ್ಯೇಕ ರಕ್ಷಣೆ ಮಾರುತ್ತಾರೆ, ಅಲ್ಲಿ ಅದು ಸುಮ್ಮನೆ ಹೆದರಿಸುವ ಮಾತಲ್ಲ. ಗಾಳಿಗೆ ಬಾಗಿಲು ಹಿಂದಕ್ಕೆ ಮಡಚಿಕೊಂಡರೆ ಅಥವಾ ಹೊಳೆ ದಾಟಲು ಹೋಗಿ ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಅಮೆರಿಕದಲ್ಲಿ ಎಕ್ಸೆಸ್‌ಗಿಂತ ದೊಡ್ಡ ಚಿಂತೆ ಥರ್ಡ್ ಪಾರ್ಟಿ ಹೊಣೆ. ಕ್ಯಾಲಿಫೋರ್ನಿಯಾ 2025ರಲ್ಲಿ ಏರಿಸಿದ ಮೇಲೂ ಕಾನೂನಿನ ಕನಿಷ್ಠ ಮಿತಿ ಒಬ್ಬ ಗಾಯಾಳುವಿಗೆ 30,000 ಡಾಲರ್ ಅಷ್ಟೇ; ಎಕ್ಸೆಸ್ ಪಾಲಿಸಿ ಇದನ್ನು ಮುಟ್ಟುವುದಿಲ್ಲ, ಹೆಚ್ಚುವರಿ ಲಯಬಿಲಿಟಿ ಕವರ್ ಬುಕಿಂಗ್‌ನಲ್ಲೇ ಸೇರಿಸಿಕೊಳ್ಳಬೇಕು. ಬ್ರಿಟನ್ನಿನಿಂದ ಊರಿಗೆ ಬಂದು ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಸೆಲ್ಫ್ ಡ್ರೈವ್ ಕಾರು ಹಿಡಿಯುವವರ ಯುರೋಪ್ ಪಾಲಿಸಿ ಇಲ್ಲಿ ನಡೆಯದು, ವಿಶ್ವವ್ಯಾಪಿ ಪಾಲಿಸಿಯೂ ಖಾಸಗಿ ಮಾಲೀಕರ ಕಾರನ್ನು ಹೊರಗಿಟ್ಟಿರಬಹುದು.

ಭಾರತದಲ್ಲಿ ನೆಲೆಸಿದವರು ಯುರೋಪಿಗೆ ಹೋಗುವಾಗ ಬ್ರಿಟನ್ನಿನ ಅಗ್ಗದ ವಾರ್ಷಿಕ ಪಾಲಿಸಿಯ ಆಸೆ ಬಿಡಬೇಕು. ಲಂಡನ್ನಿನಲ್ಲಿರುವ ತಂಗಿಯ ವಿಳಾಸ ಕೊಟ್ಟು ಕೊಂಡದ್ದು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ. ಉಳಿಯುವ ದಾರಿ ಮೂರು: ಭಾರತೀಯ ನಿವಾಸಿಗಳನ್ನು ಒಪ್ಪುವ ಪಾಲಿಸಿ, ಬ್ರೋಕರ್‌ನ ಫುಲ್ ಪ್ರೊಟೆಕ್ಷನ್ (ಅದೂ ಹಣ ಮರಳಿಸುವ ಬಗೆ, ಡಿಪಾಸಿಟ್ ಬ್ಲಾಕ್ ಆಗಿಯೇ ತೀರುತ್ತದೆ), ಅಥವಾ ಬಾಡಿಗೆ ಕಂಪನಿಯದೇ ಜೀರೊ ಎಕ್ಸೆಸ್ ದರ. ಕಾರ್ಡಿನ ಅಂತರರಾಷ್ಟ್ರೀಯ ಮಿತಿ ಸಣ್ಣದಿದ್ದರೆ ಮೂರನೆಯದೇ ನೆಮ್ಮದಿ, ಆದರೆ ಅದನ್ನು ಕೌಂಟರ್‌ನಲ್ಲಿ ಕೊಳ್ಳದೆ ಕಂಪನಿಯ ಸೈಟಿನಲ್ಲಿ ಬುಕಿಂಗ್ ಜೊತೆಗೇ ಸೇರಿಸಿ. ಎಷ್ಟೋ ಸಲ ಅಲ್ಲಿ ದರ ಕಡಿಮೆ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ. ಅದನ್ನೂ ಮೂಲ ಲೈಸೆನ್ಸನ್ನೂ ಒಟ್ಟಿಗೆ ಒಯ್ಯಿರಿ. ಪರವಾನಗಿ ಬೇಕೆಂದು ಕರಾರು ಹೇಳಿರುವ ದೇಶದಲ್ಲಿ ಅದಿಲ್ಲದೆ ಓಡಿಸಿ ಅಪಘಾತವಾದರೆ ಸಿಡಿಡಬ್ಲ್ಯು ಮತ್ತು ಅದರ ಬೆನ್ನಿಗಿರುವ ಪಾಲಿಸಿ ಎರಡನ್ನೂ ನಿರಾಕರಿಸಲು ಅವರಿಗೆ ಅದೊಂದೇ ಕಾರಣ ಸಾಕು.